ಸಮುದ್ರ ನೋಡಲು ಹೋಗಿ ಅಲ್ಲೇ ಉಳಿದವನಿಗೆ

ಒರುರೊ, ಬೊಲಿವಿಯಾ,
ಮಾರ್ಚ್ ೨೨

ಪ್ರೀತಿಯ ರೆನಾನ್,

ನೀನು ಆರೋಗ್ಯವಾಗಿದ್ದೀಯ ಎಂದುಕೊಂಡಿದ್ದೇನೆ. ನಾವೂ ಇದ್ದೇವೆ. ಕಾಗದ ಇಷ್ಟು ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಹೊಸ ವರ್ಷದಿಂದ ಈಚೆಗೆ ನಿನ್ನ ಫೋನು ಹತ್ತುತ್ತಿಲ್ಲ. ಇವತ್ತು ಹತ್ತೀತು, ನಾಳೆ ಹತ್ತೀತು ಎಂದು ಕಾದೆ. ಕಾಗದವನ್ನಾದರೂ ಹಾಕೋಣವೆಂದರೆ ವಿಳಾಸ ಇರಲಿಲ್ಲ. ಈಗ ನಿನ್ನ ಗೆಳೆಯ ಕೊನ್ರಾಡೊನ ಹೆಂಡತಿ ಸೆನೊಬಿಯಾ ಕಾರ್ನಿವಲ್‌ಗೆಂದು ಊರಿಗೆ ಬಂದವಳು ನಾಡಿದ್ದು ಅಂತೋಫಗಸ್ತಾಗೆ ವಾಪಸು ಹೊರಟಿದ್ದಾಳೆ. "ಬರೆದು ಕೊಡು, ಅವನ ಕೈಗೇ ಇಡ್ತೀನಿ" ಅಂದಿದ್ದಾಳೆ. ಆದ್ದರಿಂದ ಇವತ್ತೇ ಬರೆಯಬೇಕು.

ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ಕಾರಣ ನಿನ್ನ ಮಗ. ನನ್ನ ಎಡ ತೋಳಿನ ಮೇಲೆ ಮಲಗಿದ್ದಾನೆ, ಕೆಳಗಿಟ್ಟರೆ ಏಳುತ್ತಾನೆ. ಜೋಯೆಲ್‌ಗೆ ಮೇಲೆ ಎರಡು ಹಲ್ಲು ಬಂದಿವೆ. ಅವನು ಚೆನ್ನಾಗಿ ನಿದ್ದೆ ಮಾಡುತ್ತಾನೆ, ನಿದ್ದೆ ಇಲ್ಲದಿರುವುದು ನನಗೆ. ಅವನ ಉಸಿರು ಕೇಳುತ್ತಾ ಕೂರುತ್ತೇನೆ. ಒಂದು ಉಸಿರಿಗೂ ಮುಂದಿನದಕ್ಕೂ ನಡುವೆ ಸ್ವಲ್ಪ ಹೆಚ್ಚು ಹೊತ್ತಾಯಿತು ಅನ್ನಿಸಿದರೆ ಮೂಗಿನ ಹತ್ತಿರ ಬೆರಳಿಡುತ್ತೇನೆ. ಅವನು ಎಚ್ಚರಗೊಂಡು ಅಳುತ್ತಾನೆ. ಅತ್ತರೆ ನನಗೆ ಸಮಾಧಾನ. ಮೊನ್ನೆ ತೊಟ್ಟಿಲ ಮೇಲಿನ ತೊಲೆ ಎಷ್ಟು ಭಾರ ತಡೆಯುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಎಂಜಿನಿಯರಿಂಗ್ ಓದಿದ್ದು ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು. ಏನೂ ಆಗುವುದಿಲ್ಲ ಎಂದೇ ಉತ್ತರ ಬಂತು. ಆದರೂ ತೊಟ್ಟಿಲನ್ನು ಆಚೆ ಸರಿಸಿದೆ.

ನಾನು ಈ ಕಾಗದದಲ್ಲಿ ಕೇಳುವುದು ಒಂದೇ ಮಾತು: ನೀನು ಬರುತ್ತೀಯೋ, ಇಲ್ಲವೋ? ಇದನ್ನು ಮೊದಲೇ ಕೇಳಿಬಿಟ್ಟರೆ ಮುಂದಿನದನ್ನು ಓದದೆ ಮಡಿಸಿಡುತ್ತೀಯೇನೋ ಎಂಬ ಭಯ ಇತ್ತು. ಆದರೂ ಕೇಳಿದ್ದೇನೆ. ಇನ್ನು ಹೆದರಬೇಡ, ಮುಂದೆ ಓದು. ನಗು ಬರುವಂಥದ್ದೇ ಇದೆ.

ನೈರಾಗೆ ಈಗ ದಿನಾ ಮಧ್ಯಾಹ್ನ ಮಲಗುವಾಗ ಒಂದೇ ಕಥೆ ಬೇಕು, ನಾವೆಲ್ಲ ಸಮುದ್ರ ನೋಡಲು ಹೋದ ಕಥೆ. ಆಗ ಅವಳಿಗೆ ನಾಲ್ಕು ವರ್ಷ. ಅರ್ಧ ನೆನಪಿದೆ, ಅರ್ಧವನ್ನು ನನ್ನಿಂದ ಕೇಳಿ ಕೇಳಿ ನೆನಪು ಮಾಡಿಕೊಂಡಿದ್ದಾಳೆ. ನಾನು ಒಂದು ಮಾತು ಬಿಟ್ಟರೆ ತಕ್ಷಣ ಹಿಡಿಯುತ್ತಾಳೆ. "ಅಮ್ಮಾ, ನಾಯಿ ಬಿಟ್ಬಿಟ್ಟೆ." ಆಮೇಲೆ ನಾಯಿಯಿಂದ ಮತ್ತೆ ಶುರು ಮಾಡಬೇಕು. ಅವಳಿಗೆ ಹೇಳುವ ಹಾಗೆಯೇ ನಿನಗೂ ಬರೆಯುತ್ತೇನೆ.

ಕಥೆ ಶುರುವಾಗುವುದು ಊಟದ ಮೇಜಿನ ಜಗಳದಿಂದ. ಎಲ್ಲರೂ ಹೋಗುವ ಹಾಗೆ ನಾವೂ ಇಕಿಕೆಗೆ ಹೋಗೋಣ ಎಂದವಳು ನಾನು. ದಾರಿ ಹತ್ತಿರ, ಮರಳು ಮೆತ್ತಗೆ, ಅಂಗಡಿಯಲ್ಲಿ ಎಲ್ಲವೂ ಅಗ್ಗ. ನಿಮ್ಮಪ್ಪ ಚಮಚವನ್ನು ಕೆಳಗಿಟ್ಟರು.

"ಇಕಿಕೆ ಯಾರದಮ್ಮಾ?"

"ಚಿಲಿಯದು ಮಾವ."

"ಅದಕ್ಕಿಂತ ಮುಂಚೆ?"

ನಾನು ಪಾಠ ಓದಿಕೊಂಡು ಬಾರದ ಹುಡುಗಿಯ ಹಾಗೆ ತಲೆ ತಗ್ಗಿಸಿದೆ.

"ಪೆರುವಿನದು. ಪೆರುವಿನೋರು ಕಳ್ಕೊಂಡಿದ್ದನ್ನ ನೋಡೋಕೆ ನಾನ್ಯಾಕೆ ಅಷ್ಟು ದೂರ ಹೋಗ್ಲಿ? ನೋಡೋದಾದ್ರೆ ನಾವು ಕಳ್ಕೊಂಡಿದ್ದನ್ನ ನೋಡ್ಬೇಕು. ಅಂತೋಫಗಸ್ತಾ!"

"ಅಪ್ಪಾ, ಅಲ್ಲಿ ಬರೀ ಬಂಡೆಯಂತೆ" ಅಂದೆ ನೀನು.

"ನಮ್ಮ ಬಂಡೆ" ಅಂದರು ಮಾವ.

ಅಲ್ಲಿಗೆ ತೀರ್ಮಾನವಾಯಿತು. ವರ್ಷ ವರ್ಷವೂ ಮಾರ್ಚ್ ತಿಂಗಳಲ್ಲಿ ಶಾಲೆಯ ಮಕ್ಕಳನ್ನು ಬೀದಿಗೆ ಕರೆದೊಯ್ದು, ಡೋಲು ಕಹಳೆ ಹಿಡಿಸಿ, ಸಮುದ್ರ ನಮ್ಮದು ಎಂದು ಕೂಗಿಸಿದ ಮೇಷ್ಟ್ರು ಅವರು. ನಿವೃತ್ತಿಯಾಗುವವರೆಗೂ ಆ ಸಮುದ್ರವನ್ನು ಕಣ್ಣಾರೆ ಕಂಡಿರಲಿಲ್ಲ. ಅತ್ತೆ ತಟ್ಟೆ ಎತ್ತುತ್ತಾ ನನಗೆ ಹೇಳಿದರು, "ಹೋಗ್ಲಿ ಬಿಡೇ. ಈ ಮನುಷ್ಯ ನನಗಿಂತ ಹೆಚ್ಚು ಸಂಸಾರ ಮಾಡಿದ್ದು ಆ ಸಮುದ್ರದ ಜತೆ. ಒಂದ್ಸಲ ಮುಖ ನೋಡ್ಕೊಂಡು ಬರ್ಲಿ."

ಆಮೇಲೆ ಗಡಿ. ಎತ್ತರದ ಬಯಲು, ಕೊರೆಯುವ ಗಾಳಿ, ತಗಡಿನ ಕಚೇರಿಯ ಮುಂದೆ ನಮ್ಮ ಬಸ್ಸಿನವರೆಲ್ಲ ಸಾಲುಗಟ್ಟಿ ನಿಂತಿದ್ದೆವು. ಮಾವ ಮಾರ್ಚ್ ತಿಂಗಳ ಮೆರವಣಿಗೆಯ ಕಪ್ಪು ಸೂಟು ತೊಟ್ಟಿದ್ದರು. ಕಿಟಕಿಯೊಳಗಿನ ಹುಡುಗ ತಲೆ ಎತ್ತದೆ ಕೇಳಿದ.

"ಪ್ರವಾಸನಾ, ಕೆಲಸನಾ, ನೆಂಟರ ಮನೆಗಾ?"

"ಯಾವುದೂ ಅಲ್ಲ" ಅಂದರು ಮಾವ. "ನಾನು ವಾಪಸು ಬರ್ತಿದ್ದೀನಿ."

ನೀನು ನನ್ನ ಕೈ ಹಿಡಿದೆ, ನಿನಗೆ ನೆನಪಿದೆಯೇ? ನಮ್ಮನ್ನೆಲ್ಲ ಅಲ್ಲಿಂದಲೇ ಹಿಂದಕ್ಕೆ ಕಳಿಸುತ್ತಾರೆ ಎಂದುಕೊಂಡೆವು. ಆ ಹುಡುಗ ಈಗ ತಲೆ ಎತ್ತಿದ. ಸೂಟು ನೋಡಿದ, ಎದೆಯ ಮೇಲಿನ ಪದಕ ನೋಡಿದ.

"ಎಷ್ಟು ದಿನಕ್ಕೆ ವಾಪಸು ಬರ್ತಿದ್ದೀರಾ ತಾತ?"

"ಐದು ದಿನಕ್ಕೆ."

"ಹಾಗಾದ್ರೆ ಪ್ರವಾಸ ಅಂತ ಬರ್ಕೋತೀನಿ" ಎಂದು ಮುದ್ರೆ ಒತ್ತಿದ.

ನಾಯಿ ಬರುವುದು ಇಲ್ಲಿ. ಗಡಿ ದಾಟಿಸಿ ತಿನ್ನುವ ಸಾಮಾನು ಒಯ್ಯಬಾರದು ಎಂದು ನಾನು ಅತ್ತೆಗೆ ಮನೆಯಲ್ಲೇ ಹೇಳಿದ್ದೆ, ದಾರಿಯಲ್ಲಿ ಮೂರು ಸಲ ಹೇಳಿದ್ದೆ. "ಏನೂ ಇಲ್ವೇ, ಬರೀ ಬಟ್ಟೆ" ಎಂದಿದ್ದರು. ಗಡಿಯವರ ಸಾಮಾನು ಮೂಸುವ ಆ ಕಂದು ನಾಯಿ ಅಷ್ಟು ಜನರನ್ನು ಬಿಟ್ಟು ನೆಟ್ಟಗೆ ಬಂದು ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿತು. ಅತ್ತೆ ಅದರ ತಲೆ ಸವರಿ, "ನೋಡು, ಎಷ್ಟು ಮರ್ಯಾದೆಯ ನಾಯಿ" ಅಂದರು. ಗಂಟು ಬಿಚ್ಚಿದಾಗ ನಿನ್ನ ಚಿಕ್ಕಮ್ಮ ಮಾಡಿದ ಕುರಿ ಹಾಲಿನ ಗಿಣ್ಣದ ಇಡೀ ಮುದ್ದೆ ಹೊರಬಂತು, ನಿಮ್ಮಪ್ಪನ ಮಡಿಸಿದ ಪೈಜಾಮದ ಕಾಲಿನೊಳಗಿಂದ.

"ಇದನ್ನ ಇಲ್ಲೇ ಎಸೀಬೇಕು ಅಮ್ಮಾ" ಅಂದ ಅಧಿಕಾರಿ.

"ಎಸೆಯೋದಾ? ತಿಂದ್ರೆ ಆಗುತ್ತಾ?"

"ತಿಂದ್ರೆ ನಂದೇನೂ ತಕರಾರಿಲ್ಲ."

ನಾವೆಲ್ಲ ಆ ಬೂದುಗೆಂಪು ಧೂಳಿನಲ್ಲಿ ನಿಂತು, ಹಿಂದಿನ ಸಾಲಿನವರು ಬೈಯುತ್ತಿರುವಾಗ, ಇಡೀ ಗಿಣ್ಣ ತಿಂದು ಮುಗಿಸಿದೆವು. ನನಗೆ ಬಸುರಿನ ವಾಕರಿಕೆ. ನೀನು ನನ್ನ ಪಾಲನ್ನೂ ತಿಂದೆ. ಅತ್ತೆ ಅಧಿಕಾರಿಗೂ ಒಂದು ಚೂರು ಮುರಿದು ಕೊಡಲು ಹೋದರು. ಅವನು ಬೇಡವೆಂದಾಗ, "ಕೆಲಸದಲ್ಲಿದ್ದೀಯ, ಪಾಪ" ಎಂದು ತಾವೇ ನುಂಗಿದರು. ಕಲಾಮಾ ಊರಿನವರೆಗೂ ಬಸ್ಸಿನಲ್ಲಿ ಯಾರೂ ನಮ್ಮ ಪಕ್ಕ ಕೂರಲಿಲ್ಲ.

ಅಂತೋಫಗಸ್ತಾದಲ್ಲಿ ಬಸ್ಸು ಇಳಿದ ಕೂಡಲೆ ಮಾವ ನಿಂತಲ್ಲೇ ಆಳವಾಗಿ ಉಸಿರೆಳೆದುಕೊಂಡರು. ನಮ್ಮ ಎತ್ತರದ ಊರಿನ ತೆಳು ಗಾಳಿಗೆ ಒಗ್ಗಿದ ಎದೆ. "ಇಷ್ಟೊಂದು ಗಾಳಿ!" ಅಂದರು. "ನೋಡಿದ್ಯಾ ರೆನಾನ್, ಇದನ್ನೂ ಇವರೇ ಇಟ್ಕೊಂಡ್ಬಿಟ್ಟಿದಾರೆ."

ನೀನು ಕೋಣೆ ಹುಡುಕಲು ಹೋಗಿದ್ದೆ, ಆದ್ದರಿಂದ ಮುಂದಿನದನ್ನು ನೀನು ನೋಡಲಿಲ್ಲ. ಬಂದ ಮೇಲೆ ನಾವು ಹೇಳಿದಾಗ ಹೊಟ್ಟೆ ಹಿಡಿದು ನಕ್ಕೆ. ಬೀಚಿನ ತುಂಬ ಅರ್ಧ ಬಟ್ಟೆಯ ಜನ. ಅವರ ನಡುವೆ ಮಾವ ಸೂಟು, ಟೈ, ಪಾಲಿಶ್ ಹಾಕಿದ ಬೂಟಿನಲ್ಲಿ ನೀರಿನ ಅಂಚಿಗೆ ಹೋಗಿ ಸೆಟೆದು ನಿಂತರು. ಸಲಾಮು ಹೊಡೆದರು. ಮೊದಲ ಅಲೆ ಬೂಟು ತೋಯಿಸಿತು, ಕದಲಲಿಲ್ಲ. ಎರಡನೆಯದು ಮೊಣಕಾಲಿಗೆ ಬಂತು, ಆಗಲೂ ಕದಲಲಿಲ್ಲ. ಮೂರನೆಯದಕ್ಕೆ ಗಾಳಿಯೂ ಸೇರಿ ಟೋಪಿ ಹಾರಿ ನೀರಿಗೆ ಬಿತ್ತು. ಅದು ತೇಲುತ್ತಾ ಒಳಗೊಳಗೆ ಹೋಗುತ್ತಿರುವುದನ್ನು ಅವರು ಸಲಾಮಿನ ಕೈ ಇಳಿಸದೆ ನೋಡುತ್ತಿದ್ದರು.

"ಅಯ್ಯೋ, ಅದನ್ನೂ ತಗೊಂಡ್ರು!" ಎಂದು ಅತ್ತೆ ಚೀರಿದರು.

ಈಜುಡುಪಿನ ಹೆಂಗಸೊಬ್ಬಳು ಈಜಿ ಹೋಗಿ ಟೋಪಿ ಹಿಡಿದು ತಂದಳು. ನೀರು ಕೊಡವಿ ಕೈಗಿಟ್ಟಳು. ಚಿಲಿಯವರಿಗೆ ಮಾವ ಥ್ಯಾಂಕ್ಸ್ ಹೇಳಿದ್ದು ಆವತ್ತೇ ಮೊದಲು. ಹೇಳಿದ್ದು ಸಾಲದು ಅನ್ನಿಸಿತೋ ಏನೋ, ಅವಳಿಗೆ ಇಡೀ ಇತಿಹಾಸ ಹೇಳಿದರು. ಮುತ್ತಜ್ಜಂದಿರ ಕಾಲದ ಯುದ್ಧ, ಈ ಊರು ಬೊಲಿವಿಯಾದ್ದಾಗಿದ್ದದ್ದು, ಸೈನ್ಯ ಬಂದಿಳಿದದ್ದು, ನಮಗೆ ಕರಾವಳಿಯೇ ಇಲ್ಲದೆ ಹೋದದ್ದು. ಅವಳು ಮೈ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿದಳು.

"ಪಾಪ ತಾತ" ಅಂದಳು ಕೊನೆಗೆ. "ಆದ್ರೆ ನೋಡಿ, ನನ್ನ ಹೆಸರಲ್ಲೂ ಇದ್ರಲ್ಲಿ ಒಂದು ಬೊಗಸೆ ನೀರಿಲ್ಲ. ಮನೆಗೂ ಬಾಡಿಗೆ ಕಟ್ತೀನಿ."

ಅಷ್ಟರಲ್ಲಿ ಅತ್ತೆ ಲಂಗದ ನೆರಿಗೆ ಎತ್ತಿಕೊಂಡು ಬಗ್ಗಿ, ಬೆರಳದ್ದಿ, ನಾಲಿಗೆಗಿಟ್ಟು, ಉಗಿದರು. "ಉಪ್ಪು ನಮ್ಮೂರಲ್ಲೇ ಬಯಲು ಬಯಲೇ ಬಿದ್ದಿದೆ. ಇದಕ್ಕಾ ಮನುಷ್ಯಾ, ಇಷ್ಟು ವರ್ಷ ಮಕ್ಕಳ ಕೈಲಿ ಡೋಲು ಬಡಿಸಿದ್ದು?"

ಮರುದಿನ ಬೆಳಿಗ್ಗೆ ಎದ್ದವರೇ, "ಯಾರೋ ನಲ್ಲಿ ಬಿಟ್ಟು ಮಲಗಿದಾರೆ, ಹೋಗಿ ಹೇಳ್ಬಾರೇ" ಎಂದು ನನ್ನನ್ನು ಕಳಿಸಿದ್ದು ನೆನಪಿದೆಯೇ? ಅದು ಅಲೆಯ ಸದ್ದು ಅಂದರೆ ನಂಬಲಿಲ್ಲ. "ಇಷ್ಟು ದೊಡ್ಡದಾದ ಮೇಲೂ ಇದಕ್ಕೆ ಸುಮ್ಮನಿರೋಕೆ ಬರಲ್ವಾ?"

ಇನ್ನು ಹೆಸರು ಕರೆಯುವ ವಿಷಯ. ನೈರಾ ಇದನ್ನು ನನ್ನಿಂದ ಹೇಳಿಸುವುದಿಲ್ಲ, ತಾನೇ ಎದ್ದು ನಿಂತು ಅಭಿನಯಿಸುತ್ತಾಳೆ. ನಿಮ್ಮಮ್ಮನ ನಂಬಿಕೆ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಹೆದರಿದ ಜಾಗದಲ್ಲಿ, ಇಲ್ಲವೇ ತುಂಬಾ ಹಿಡಿಸಿದ ಜಾಗದಲ್ಲಿ, ಮನುಷ್ಯನ ಜೀವ ಸಿಕ್ಕಿಹಾಕಿಕೊಂಡು ಬರೀ ಮೈ ಮನೆಗೆ ಬರುತ್ತದಂತೆ. ಅದಕ್ಕೇ ಯಾವ ಜಾಗ ಬಿಟ್ಟು ಹೊರಡುವಾಗಲೂ ಒಬ್ಬೊಬ್ಬರ ಹೆಸರು ಹಿಡಿದು ಕರೆದು ಜೀವವನ್ನೂ ಜತೆಗೆ ಹೊರಡಿಸಬೇಕು. ಒರುರೊದಲ್ಲಿ ಮಗು ಬಿದ್ದು ಅತ್ತಾಗ ಹೀಗೆ ಕರೆಯುವುದು ನನಗೂ ಹೊಸದಲ್ಲ. ಆದರೆ ಪರದೇಶದಲ್ಲಿ ಅತ್ತೆ ಒಂದು ಜಾಗವನ್ನೂ ಬಿಡಲಿಲ್ಲ. ಚರ್ಚಿನ ಬಾಗಿಲಲ್ಲಿ, ಗಡಿಯಾರದ ಗೋಪುರದ ಕೆಳಗೆ, ಕೋಳಿ ಸುಡುವ ಅಂಗಡಿಯ ಮುಂದೆ ನಿಂತು, ತಲೆಯ ಮೇಲಿನ ಟೋಪಿ ತೆಗೆದು ಬೀಸುತ್ತಾ, "ಫೆರ್ಮಿನ್, ಬಾ ನಡಿ. ರೆನಾನ್, ಬಾರಪ್ಪಾ. ಜುಲ್ಮಾ, ಬಾರಮ್ಮಾ, ಇಲ್ಲಿ ಉಳ್ಕೋಬೇಡ. ನೈರಾ, ಬಾ ಪುಟ್ಟಾ" ಎಂದು ಕರೆದು, ಆಮೇಲೆ ನನ್ನ ಹೊಟ್ಟೆ ಮುಟ್ಟಿ, "ಹೆಸರಿಲ್ಲದ ಕೂಸೇ, ನೀನೂ ಬಾ" ಎನ್ನುತ್ತಿದ್ದರು. ಬಸ್ ನಿಲ್ದಾಣದ ಕಕ್ಕಸಿನ ಮುಂದೆಯೂ ಕರೆದರು. ಸರದಿಯಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

"ಅತ್ತೆ, ಕಕ್ಕಸಲ್ಲಿ ಯಾರ ಜೀವ ಉಳಿಯುತ್ತೆ?" ಎಂದೆ, ನಾಚಿಕೆಯಿಂದ ಸಾಯುತ್ತಾ.

"ನಿಂಗೇನು ಗೊತ್ತು? ಎಷ್ಟು ಚೊಕ್ಕ ಇಟ್ಟಿದಾರೆ ನೋಡಿದ್ಯಾ?"

ಕಥೆಯ ಕೊನೆ ಮೀನು ಮಾರುಕಟ್ಟೆ. ಕಟ್ಟೆಯ ಮೇಲೆ ಹತ್ತಿ ಮಲಗಿದ್ದ ಸಮುದ್ರಸಿಂಹ ಆಕಳಿಸಿದ್ದನ್ನು ನೋಡಿ ನೈರಾ, "ತಾತನ ಸ್ಕೂಲಿನ ಹೆಡ್ಮಾಷ್ಟ್ರು!" ಎಂದು ಕೂಗಿದಳು. ಮಾವ ಗದರಲು ಹೋಗಿ, ಇನ್ನೊಮ್ಮೆ ನೋಡಿ, ತಾವೇ ನಕ್ಕರು. ಅಲ್ಲಿಗೆ ನಾನು "ಆಯ್ತು, ಮಲಗು" ಅನ್ನುತ್ತೇನೆ. ನೈರಾ ಮುಂದಿನದನ್ನು ಕೇಳುವುದಿಲ್ಲ. ಬೇರೆಲ್ಲದರಲ್ಲಿ ಒಂದು ಮಾತು ಬಿಟ್ಟರೂ ಹಿಡಿಯುವವಳು ಇಲ್ಲಿ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಾಳೆ.

ಮುಂದಿನದನ್ನು ನಿನಗಾದರೂ ಬರೆಯಬೇಕು.

ನಿನ್ನ ಹೆಸರು ಹಿಡಿದು ಕೂಗುತ್ತಾ ಕೊನ್ರಾಡೊ ಬಂದದ್ದು ಆ ಮಾರುಕಟ್ಟೆಯಲ್ಲೇ. ಸಿಮೆಂಟಿನ ಧೂಳು ತುಂಬಿದ ಬೂಟು, ಹೊಸ ಜಾಕೆಟ್ಟು. "ಇಲ್ಲಿ ಎತ್ತರೆತ್ತರದ ಕಟ್ಟಡ ಏಳ್ತಿದೆ ಕಣೋ, ನಕ್ಷೆ ಓದೋಕೆ ಬರೋನು ಒಬ್ಬನಿಲ್ಲ. ಮೂರು ತಿಂಗಳು ಬಾ." ನಮ್ಮ ಊರಲ್ಲಿ ಸೇತುವೆ ಕೆಲಸ ನಿಂತುಹೋಗಿ ನೀನು ಬೆಳಿಗ್ಗೆ ಎದ್ದು ಎಲ್ಲಿಗೂ ಹೋಗಲಿಕ್ಕಿಲ್ಲದೆ ಅಂಗಳ ಗುಡಿಸುತ್ತಿದ್ದ ಕಾಲ ಅದು. ಕೊನ್ರಾಡೊ ಮಾತಾಡುತ್ತಿರುವಾಗ ನಿನ್ನ ಬೆನ್ನು ನೇರವಾದದ್ದನ್ನು ನಾನು ನೋಡಿದೆ. ಆ ಬೆನ್ನು ನೋಡಿ, ಬೇಡ ಅನ್ನುವುದಕ್ಕೆ ಯಾವ ಹೆಂಡತಿಗೆ ಬಾಯಿ ಬರುತ್ತದೆ? ಮಗು ಹುಟ್ಟುವುದರೊಳಗೆ ಬರುತ್ತೇನೆ ಅಂದೆ. ಮಾವನೂ ಒಪ್ಪಿದರು. "ನಮ್ಮ ಊರೇ ಅಲ್ವಾ" ಅಂದರು, ನಗುತ್ತಾ.

ನಿಲ್ದಾಣದಲ್ಲಿ ನಮ್ಮ ಬಸ್ಸಿಗೆ ಚಾಲಕ ಹತ್ತಿದ ಮೇಲೆ ಅತ್ತೆ ಎಂದಿನಂತೆ ಬಾಗಿಲ ಬಳಿ ನಿಂತು ಟೋಪಿ ತೆಗೆದರು. ಮಾವನ ಹೆಸರು, ನನ್ನದು, ನೈರಾಳದು, ಹೊಟ್ಟೆಯೊಳಗಿನ ಕೂಸು. "ರೆನಾನ್" ಎಂದು ಬಾಯಿ ತೆರೆದರು. ಕೊನ್ರಾಡೊ ಪಕ್ಕದಲ್ಲಿ ಹಲ್ಲು ಕಿರಿಯುತ್ತಿದ್ದ. ನೀನು ಅಂದೆ:

"ಅಮ್ಮಾ, ನನ್ನನ್ನ ಕರೀಬೇಡ ಮಾರಾಯ್ತಿ. ನಾನು ಇಲ್ಲಿರೋನು, ಜೀವಾನೂ ಇಲ್ಲೇ ಬೇಕು. ಜೀವ ಇಲ್ದೆ ಗಾರೆ ಕಲಸೋಕಾಗುತ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅತ್ತೆ ಬಾಯಿಗೆ ಬಂದ ಹೆಸರನ್ನು ನುಂಗಿಕೊಂಡು ಟೋಪಿ ಹಾಕಿಕೊಂಡರು.

ನಿನ್ನನ್ನು ದೂರಲು ಇದನ್ನೆಲ್ಲ ಬರೆಯುತ್ತಿಲ್ಲ. ಮೊದಲು ನೀನು ದಿನಾ ಫೋನು ಮಾಡುತ್ತಿದ್ದೆ. ನೈರಾಗೆ ಅಲೆಯ ಸದ್ದು ಕೇಳಿಸುತ್ತಿದ್ದೆ. ಜುಲೈ ಚಳಿಗಾಲದಲ್ಲಿ ಜೋಯೆಲ್ ಹುಟ್ಟಿದಾಗ, ಹಿಮ ಬಿದ್ದು ಘಟ್ಟದ ದಾರಿ ಮುಚ್ಚಿದೆ ಅಂದೆ. ನಂಬಿದೆ. ಅದೇ ವಾರ ಕೊನ್ರಾಡೊ ಊರಿಗೆ ಬಂದು ಹೋದನಂತೆ, ಮಾರ್ಕೆಟ್ಟಿನಲ್ಲಿ ಯಾರೋ ಹೇಳಿದರು. ಕ್ರಿಸ್‌ಮಸ್‌ಗೆ ಬರುತ್ತೇನೆ ಅಂದೆ. ನೈರಾ ಹೊಸ ಬೂಟು ಹಾಕಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಬಾ, ರಾತ್ರಿ ಚಳಿ ಎಂದರೆ, "ಅಪ್ಪನಿಗೆ ಮನೆ ಗುರುತು ಸಿಗ್ದಿದ್ರೆ?" ಅಂದಳು. ಆಮೇಲೆ ಹೊಸ ವರ್ಷ. ಆಮೇಲೆ ಫೋನೇ ಇಲ್ಲ.

ಸೆನೊಬಿಯಾಳನ್ನು ಕೇಳಿದೆ. "ಚೆನ್ನಾಗಿದಾನೆ. ಸ್ವಲ್ಪ ದಪ್ಪ ಆಗಿದಾನೆ. ಆ ಕೆಲಸ ಬಿಟ್ಟು ಬೇರೆ ಕಡೆ ಸೇರಿದಾನೆ, ಗುಡ್ಡದ ಮೇಲೆ ಮನೆ ಮಾಡಿದಾನೆ" ಅಂದಳು. "ಒಬ್ಬನೇನಾ?" ಎಂದೆ. ಅವಳು ನನ್ನ ಚಪ್ಪಲಿಯನ್ನೇ ನೋಡುತ್ತಾ, "ಅಲ್ಲಿ ಎಲ್ರೂ ಕೆಲಸಕ್ಕೆ ಹೋಗ್ತಾರಮ್ಮಾ, ಯಾರು ಯಾರನ್ನ ನೋಡ್ತಾರೆ?" ಅಂದಳು. ಮುಂದೆ ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ನಿಮ್ಮಮ್ಮ ನಿನ್ನ ನೀಲಿ ಚೌಕಳಿ ಅಂಗಿಯನ್ನು ಒಗೆಯಲು ಬಿಡುವುದಿಲ್ಲ. ನಿನ್ನ ಬೆವರು ಅದರಲ್ಲಿರಬೇಕಂತೆ. ಮಂಗಳವಾರ, ಶುಕ್ರವಾರ ಬಿಸಿಲು ಇಳಿಯುವ ಹೊತ್ತಿಗೆ ಅದನ್ನು ಶಾಲಿನೊಳಗಿಟ್ಟುಕೊಂಡು ಊರಾಚೆ ರೈಲು ಹಳಿಯ ಬಳಿ ಹೋಗಿ, ಪಡುವಣಕ್ಕೆ ಮುಖ ಮಾಡಿ ಬೀಸುತ್ತಾರೆ. "ರೆನಾನ್, ಬಾರಪ್ಪಾ! ಅಲ್ಲಿ ಉಳ್ಕೋಬೇಡ, ಮನೆಗೆ ಬಾ!" ನಾನು ನಂಬುವುದಿಲ್ಲ. ನಂಬದೆಯೇ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಜತೆಗೆ ಹೋಗುತ್ತೇನೆ, ಅವರೊಬ್ಬರೇ ಗಾಳಿಗೆ ನಿಲ್ಲಬಾರದೆಂದು. ಒಂದು ದಿನ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನು ನಿಂತು, "ಏನಮ್ಮಾ, ಕರೆದ್ರಾ?" ಅಂದ. ಅವನ ಹೆಸರೂ ರೆನಾನ್ ಅಂತೆ! ಅತ್ತೆ ಸಿಟ್ಟಿನಿಂದ, "ನಿನ್ನನ್ನಲ್ವೋ! ಹೋಗು, ನಿಮ್ಮನೆಗೆ ಹೋಗು, ನಿಮ್ಮಮ್ಮ ಕಾಯ್ತಿರ್ತಾಳೆ" ಎಂದು ಅಟ್ಟಿದರು. ನನಗೆ ತಡೆಯಲಾರದ ನಗು ಬಂತು. ಅವರೂ ನಕ್ಕರು. ನಗುತ್ತಲೇ ಹಳಿಯ ಮೇಲೆ ಕೂತು ಅಂಗಿಯಲ್ಲಿ ಮುಖ ಮುಚ್ಚಿಕೊಂಡರು. "ಬೇಡ ಅಂದ್ರೂ ಮನಸಲ್ಲಾದ್ರೂ ಕರೀಬೇಕಿತ್ತು ಕಣೇ. ಅವನು ಏನೋ ತಮಾಷೆಗೆ ಅಂದ, ನಾನು ಸುಮ್ಮನಾಗ್ಬಿಟ್ಟೆ."

ಮಾವನ ವಿಷಯ. ಬಂದ ಹೊಸದರಲ್ಲಿ ಸಿಕ್ಕಸಿಕ್ಕವರಿಗೆಲ್ಲ ಸಮುದ್ರ ಕಂಡ ಕಥೆ ಹೇಳುತ್ತಿದ್ದರು. ಕ್ಷೌರದಂಗಡಿಯಲ್ಲಿ ಅವರು ಬಂದರೆ ಜನ ಎದ್ದು ಹೋಗುವಷ್ಟು. ಈಗ ಬೇರೆ ಯಾರಾದರೂ ಆ ಮಾತು ತೆಗೆದರೆ ಅವರೇ ಎದ್ದು ಹೋಗುತ್ತಾರೆ. ನಾಳೆ ಮೆರವಣಿಗೆಯ ದಿನ. ನೈರಾಳ ಶಿಶುವಿಹಾರದವರು ಅವರನ್ನು ಭಾಷಣಕ್ಕೆ ಕರೆದಿದ್ದಾರೆ. ಹೋಗುತ್ತಾರೋ ಇಲ್ಲವೋ ಗೊತ್ತಿಲ್ಲ. ಸೂಟನ್ನಂತೂ ನಾನು ಇಸ್ತ್ರಿ ಮಾಡಿ ಇಟ್ಟಿದ್ದೇನೆ.

ಅಲ್ಲಿ ಕೆಲಸ ಹೋಗಿದ್ದರೆ, ನಾಚಿಕೆಯಾಗಿದ್ದರೆ, ಬರಿಗೈಯಲ್ಲೇ ಬಾ. ಯಾರಾದರೂ ಜತೆಗಿದ್ದರೆ ಅದನ್ನೂ ಬರೆ, ರೆನಾನ್. ಓದಿ ಸಾಯುವುದಿಲ್ಲ. ಬರುವುದಿಲ್ಲವೆಂದು ತಿ‌ಳಿದರೆ ಒಂದು ವಾರ ಅಳುತ್ತೇನೆ, ಆಮೇಲೆ ನಿದ್ದೆ ಬರುತ್ತದೆ. ಈಗ ಅದೂ ಇಲ್ಲ. ಅಂಗಳದಲ್ಲಿ ಹೆಜ್ಜೆ ಸದ್ದಾದರೆ ಇವತ್ತಿಗೂ ಕೈಯಲ್ಲಿನ ಕೆಲಸ ನಿಲ್ಲುತ್ತದೆ.

ನಿಮ್ಮಮ್ಮ ನಿನಗೆ ಆಶೀರ್ವಾದ ಬರೆ ಎಂದು ಎದುರಿಗೇ ಕೂತಿದ್ದಾರೆ. ದೇವರ ತಾಯಿ ನಿನ್ನನ್ನು ತನ್ನ ಸೆರಗಿನಲ್ಲಿಟ್ಟುಕೊಳ್ಳಲಿ, ಹೊಟ್ಟೆ ತುಂಬ ಉಣ್ಣು, ತಣ್ಣೀರು ಮೀಯಬೇಡ, ಎತ್ತರದ ಸಾರುವೆಯ ಮೇಲೆ ನಿಂತಾಗ ಕೆಳಗೆ ನೋಡಬೇಡ ಅನ್ನುತ್ತಾರೆ. ನಾನು ಬರೆಯಲು ಕೂತಾಗ ಒಳ್ಳೆಯ ಪೆನ್ನು ತಂದುಕೊಟ್ಟವರು ಮಾವ. ಜೋಯೆಲ್ ಎದ್ದ, ನಿಲ್ಲಿಸುತ್ತೇನೆ. ನೀನು ಎಲ್ಲಿದ್ದರೂ ಬೆಚ್ಚಗಿರು.

ನಿನ್ನ,
ಜುಲ್ಮಾ

ಮತ್ತೆ: ಮಾರ್ಚ್ ೨೩

ಲಕೋಟೆ ಅಂಟಿಸಿದ್ದವಳು ಒಡೆದು ಬರೆಯುತ್ತಿದ್ದೇನೆ. ಇವತ್ತು ನಡೆದದ್ದನ್ನು ನೀನು ಸೆನೊಬಿಯಾಳ ಬಾಯಿಂದ ಕೇಳಬಾರದು. ಅವಳೂ ಅಲ್ಲಿದ್ದಳು.

ಮಾವ ಬಂದರು, ಸೂಟು ಹಾಕಿಕೊಂಡೇ ಬಂದರು. ಮಕ್ಕಳೆಲ್ಲ ನೀಲಿ ಕಾಗದದ ಟೋಪಿ ಹಾಕಿ ಸಾಲಾಗಿ ನಿಂತಿದ್ದವು. ಟೀಚರು ಮೈಕು ಹಿಡಿದು, "ಮಕ್ಕಳೇ, ಚಿಲಿ ನಮ್ಮಿಂದ ಏನನ್ನ ಕಿತ್ಕೊಳ್ತು?" ಎಂದು ಕೇಳಿದರು. "ಸಮುದ್ರಾ!" ಎಂದು ಎಲ್ಲವೂ ಒಟ್ಟಿಗೆ ಕೂಗಿದವು. ಅತಿಥಿಯ ಮೊಮ್ಮಗಳು ಎಂಬ ಅಕ್ಕರೆಗೆ ಟೀಚರು ಮೈಕನ್ನು ನೈರಾಳ ಬಾಯಿಗೆ ಹಿಡಿದರು. "ನೀನೊಬ್ಬಳೇ ಹೇಳು ಪುಟ್ಟಾ, ಏನನ್ನ ಕಿತ್ಕೊಳ್ತು?"

"ನಮ್ಮಪ್ಪನ್ನ" ಅಂದಳು.

ಮೊದಲು ಎಲ್ಲರೂ ನಕ್ಕರು. ಆಮೇಲೆ ನಮ್ಮನ್ನು ಬಲ್ಲವರು ನಗುವುದನ್ನು ನಿಲ್ಲಿಸಿದರು, ಉಳಿದವರು ಅವರನ್ನು ನೋಡಿ ನಿಲ್ಲಿಸಿದರು. ಟೀಚರು ಗಾಬರಿಯಾಗಿ ಮೈಕನ್ನು ಮಾವನ ಕೈಗೆ ಕೊಟ್ಟುಬಿಟ್ಟರು. ಅವರು ಭಾಷಣ ಮಾಡಲಿಲ್ಲ. ನೈರಾಳ ಮುಂದೆ ಮಂಡಿಯೂರಿ ಕೂತರು, ಮೈಕು ಕೈಯಲ್ಲೇ ಇದ್ದದ್ದು ಮರೆತಿದ್ದರು, ಆದ್ದರಿಂದ ಬೀದಿಯವರೆಗೂ ಕೇಳಿಸಿತು.

"ಇಲ್ಲ ಪುಟ್ಟಿ. ನಿಮ್ಮಪ್ಪನ್ನ ಯಾರೂ ಕಿತ್ಕೊಂಡಿಲ್ಲ. ಅವನೇ ಉಳ್ಕೊಂಡ."

ಇಷ್ಟು ದಿನ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತು ಅದು, ರೆನಾನ್. ನಾನೂ ಹೇಳಿರಲಿಲ್ಲ, ನನಗೆ ನಾನೇ ಕೂಡ.

ನೈರಾ ಅಳಲಿಲ್ಲ. ಮನೆಗೆ ನಡೆಯುತ್ತಾ ಕೇಳಿದಳು: "ಅಮ್ಮಾ, ಪ್ರತಿ ವರ್ಷ ಎಲ್ರೂ ಒಟ್ಟಿಗೆ ಕೇಳ್ತಾ ಇದ್ರೆ ಸಮುದ್ರ ಒಂದಿನ ವಾಪಸ್ ಕೊಡ್ತಾರಂತೆ. ತಾವೇ ಉಳ್ಕೊಂಡಿರೋರನ್ನ ವಾಪಸ್ ಕೊಡಿ ಅಂತ ಯಾರನ್ನ ಕೇಳ್ಬೇಕು?"

ಇದಕ್ಕೆ ಉತ್ತರ ನೀನೇ ಬರೆ. ದೊಡ್ಡ ಅಕ್ಷರದಲ್ಲಿ ಬರೆ, ಅವಳು ಈಗಷ್ಟೇ ಕೂಡಿಸಿ ಓದಲು ಕಲಿಯುತ್ತಿದ್ದಾಳೆ.